ಆ ಗೆಲುವುಗಳನ್ನು ರೌಡಿತನವೆನ್ನಬೇಡಿ

ಕಳೆದ ವಾರ ಮನೆಗೆ ಬಂದಿದ್ದ ನನ್ನ ಹಳೆಯ ಶಿಷ್ಯನೊಬ್ಬ ಕಾಫಿ ಕುಡಿಯುತ್ತಾ ಒಂದು ಮಾತನ್ನಾಡಿದ: "ಮೇಷ್ಟ್ರೇ, ಆ ಕಾಲದ ವೆಸ್ಟ್ ಇಂಡೀಸಿನವರು ಆಡಿದ್ದು ಕ್ರಿಕೆಟ್ಟೇ ಅಲ್ಲ. ತಲೆಗೆ ಗುರಿಯಿಟ್ಟು ಹೆದರಿಸಿ ಗೆದ್ದರು, ಅಷ್ಟೇ." ಮನೆಗೆ ಬಂದ ಅತಿಥಿಯೆಂದು ಸುಮ್ಮನಾದೆ. ಇಲ್ಲಿ ಸುಮ್ಮನಿರುವ ಕಾರಣವೇನೂ ಇಲ್ಲ. ಈ ಮಾತನ್ನು ಬೇರೆಯವರ ಬಾಯಲ್ಲೂ ಕೇಳಿ ಕೇಳಿ ಸಾಕಾಗಿದೆ.

ಅವನ ಮಾತಿನಲ್ಲಿರುವ ಸತ್ಯಾಂಶವನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. 1976ರ ಏಪ್ರಿಲ್‌ನಲ್ಲಿ ಕಿಂಗ್‌ಸ್ಟನ್ನಿನ ಸಬೀನಾ ಪಾರ್ಕ್‌ನಲ್ಲಿ ನಮ್ಮವರಿಗೆ ಆದದ್ದನ್ನು ನಾನು ಸಮರ್ಥಿಸಲಾರೆ. ಗಾಯಕ್ವಾಡರ ಕಿವಿಗೆ ಪೆಟ್ಟು, ನಮ್ಮ ವಿಶ್ವನಾಥರ ಬೆರಳು ಮುರಿತ, ಬ್ರಿಜೇಶ್ ಪಟೇಲರ ಬಾಯಿಗೆ ಏಟು. ಎರಡನೆಯ ಸರದಿಯಲ್ಲಿ ಐವರು ಬ್ಯಾಟು ಹಿಡಿಯಲೇ ಇಲ್ಲ. 97 ರನ್ನಿಗೆ ಆಟ ಮುಗಿಯಿತು. ಆ ದಿನಗಳಲ್ಲಿ ರೇಡಿಯೋದ ಮುಂದೆ ಕುಳಿತು ನಾನೂ ಹಲ್ಲು ಕಚ್ಚಿದವನೇ.

ಆದರೆ ಅದಕ್ಕೆ ಮುಂಚಿನ ಟೆಸ್ಟಿನಲ್ಲಿ ನಡೆದದ್ದೇನು? ಪೋರ್ಟ್ ಆಫ್ ಸ್ಪೇನಿನಲ್ಲಿ 403 ರನ್ನುಗಳ ಗುರಿಯನ್ನು ಬೆನ್ನಟ್ಟಿ ನಾವು ನಾಲ್ಕೇ ವಿಕೆಟ್ಟಿಗೆ 406 ಮಾಡಿ ಗೆದ್ದಿದ್ದೆವು. ಲಾಯ್ಡ್ ಅಲ್ಲಿ ಮೂವರು ಸ್ಪಿನ್ನರುಗಳನ್ನು ನಂಬಿ ಕೆಟ್ಟಿದ್ದರು. ಅದಕ್ಕೂ ಕೆಲವೇ ತಿಂಗಳ ಹಿಂದೆ ಆಸ್ಟ್ರೇಲಿಯಾದಲ್ಲಿ ಲಿಲ್ಲಿ, ಥಾಮ್ಸನ್ ಇದೇ ವೆಸ್ಟ್ ಇಂಡೀಸನ್ನು ಚಚ್ಚಿ 5-1ರಿಂದ ಸೋಲಿಸಿದ್ದರು. ಆಗ ಅದು ಶೌರ್ಯ! 1932-33ರಲ್ಲಿ ದಾಂಡಿಗನ ಮೈಗೆ ಚೆಂಡು ಎಸೆಯುವುದನ್ನೇ ಯುದ್ಧತಂತ್ರ ಮಾಡಿಕೊಂಡದ್ದು ಇಂಗ್ಲೆಂಡಿನ ಜಾರ್ಡೀನ್. ಪಾಠವನ್ನು ಬೇರೆಯವರಿಂದ ಕಲಿತವನು ಗುರುಗಳಿಗಿಂತ ಚೆನ್ನಾಗಿ ಒಪ್ಪಿಸಿದ ಕೂಡಲೇ ಅದು ರೌಡಿತನವಾಗಿಬಿಟ್ಟಿತೇ? ಓವರಿಗೊಬ್ಬ ದಾಂಡಿಗನಿಗೆ ಒಂದೇ ಬೌನ್ಸರ್ ಎಂಬ ಕಟ್ಟಳೆ ಬಂದದ್ದು 1991ರಲ್ಲಿ. ಲಾರ್ವುಡ್ ಕಾಲದಲ್ಲಿ ಹೊಳೆಯದ ಕಟ್ಟಳೆ ಇದು.

ಅದೇ 1976ರ ಬೇಸಿಗೆಯಲ್ಲಿ, ಸರಣಿಗೆ ಮುಂಚೆ, ಇಂಗ್ಲೆಂಡಿನ ನಾಯಕ ಟೋನಿ ಗ್ರೆಗ್ ಟೆಲಿವಿಷನ್ನಿನಲ್ಲಿ ಈ ತಂಡವನ್ನು ಕಾಲ ಬಳಿ ತೆವಳುವಂತೆ ಮಾಡುವುದಾಗಿ ಹೇಳಿದರು. ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ಬಿಳಿಯನೊಬ್ಬ ಕಪ್ಪು ಆಟಗಾರರ ಬಗ್ಗೆ ಆಡಿದ ಮಾತದು. ಅದಕ್ಕೆ ಉತ್ತರ ಬಂದ ಬಗೆಯನ್ನು ನೋಡಿ. ಓವಲ್ ಮೈದಾನದ ಪಿಚ್ಚು ಸತ್ತುಹೋಗಿತ್ತು. ರಿಚರ್ಡ್ಸ್ 291 ಹೊಡೆದರು. ಇಂಗ್ಲೆಂಡಿನ ಏಮಿಸ್ ಕೂಡ 203 ಹೊಡೆದರು. ಚೆಂಡು ಪುಟಿಯದ ಆ ನೆಲದಲ್ಲಿ ಹೋಲ್ಡಿಂಗ್ 149 ರನ್ನಿಗೆ 14 ವಿಕೆಟ್ ಕಿತ್ತರು, ಬಹುಪಾಲು ಬೌಲ್ಡ್ ಅಥವಾ ಎಲ್‌ಬಿಡಬ್ಲ್ಯು. ಗ್ರೆಗ್ ಎರಡು ಸರದಿಗಳಲ್ಲೂ ಹೋಲ್ಡಿಂಗರಿಗೇ ಬೌಲ್ಡ್. ಚೆಂಡು ಹೋದದ್ದು ತಲೆಗಲ್ಲ, ಸ್ಟಂಪಿಗೆ.

ಬೌಲರುಗಳಿಂದ ಮಾತ್ರ ಗೆದ್ದರು ಎನ್ನುವವರಿಗೆ 1984ರ ಲಾರ್ಡ್ಸ್ ಟೆಸ್ಟನ್ನು ನೆನಪಿಸುತ್ತೇನೆ. ಕಡೆಯ ದಿನ ಬೆಳಿಗ್ಗೆ ಗವರ್ ಡಿಕ್ಲೇರ್ ಮಾಡಿ 342ರ ಗುರಿ ಕೊಟ್ಟರು. ಡ್ರಾ ಮಾಡಿಕೊಂಡರೆ ಯಾರೂ ಬೈಯುತ್ತಿರಲಿಲ್ಲ. ಗ್ರೀನಿಜ್ ಔಟಾಗದೆ 214, ಗೋಮ್ಸ್ ಔಟಾಗದೆ 92. ಒಂದೇ ವಿಕೆಟ್ಟಿಗೆ 344. ಹೋದ ಆ ಒಂದು ವಿಕೆಟ್ಟೂ ರನೌಟ್! ಇಡೀ ದಿನ ಬೆವರು ಸುರಿಸಿದ ಇಂಗ್ಲೆಂಡಿನ ಬೌಲರುಗಳ ಲೆಕ್ಕಕ್ಕೆ ಸೊನ್ನೆ. ಆ ಸರಣಿ 5-0. ಇದರಲ್ಲಿ ಯಾರ ತಲೆ ಒಡೆಯಿತು?

ನನಗೆ ಇನ್ನೂ ಹೆಚ್ಚು ಸಿಟ್ಟು ತರಿಸುವುದು 'ಹುಟ್ಟುಪ್ರತಿಭೆ' ಎಂಬ ಹೊಗಳಿಕೆ. ಕ್ಯಾಲಿಪ್ಸೋ ಹಾಡುತ್ತಾ ಕುಣಿಯುವವರಿಗೆ ಕ್ರಿಕೆಟ್ ತಾನಾಗಿ ಬರುತ್ತದೆಯೆಂಬಂತೆ! ಪ್ಯಾಕರ್ ಪಂದ್ಯಗಳ ಕಾಲದಲ್ಲಿ ಸೇರಿಕೊಂಡ ಡೆನಿಸ್ ವೇಟ್ ಎಂಬ ಆಸ್ಟ್ರೇಲಿಯಾದ ತರಬೇತುದಾರ ಇವರನ್ನು ಓಡಿಸಿ, ಬಾಗಿಸಿ, ದಂಡಿಸಿದರು. 1980ರಲ್ಲಿ ನ್ಯೂಜಿಲೆಂಡಿನಲ್ಲಿ ಸೋತ ಮೇಲೆ 1995ರವರೆಗೆ ಒಂದೂ ಟೆಸ್ಟ್ ಸರಣಿ ಸೋಲದಿರುವುದು ಕುಣಿತದಿಂದ ಆಗುವ ಕೆಲಸವಲ್ಲ. ನಲವತ್ತು ಮಕ್ಕಳ ತರಗತಿಯನ್ನು ಒಂದು ವರ್ಷ ಶಿಸ್ತಿನಲ್ಲಿಡುವ ಕಷ್ಟ ನನಗೆ ಗೊತ್ತು; ಹಲವು ದ್ವೀಪದೇಶಗಳಿಂದ ಬಂದವರನ್ನು ಹದಿನೈದು ವರ್ಷ!

1992ರ ಬ್ರಿಜ್‌ಟೌನ್ ಟೆಸ್ಟನ್ನೇ ನೋಡಿ. ವರ್ಣಭೇದದ ಬಹಿಷ್ಕಾರ ಮುಗಿಸಿ ಬಂದ ದಕ್ಷಿಣ ಆಫ್ರಿಕಾಕ್ಕೆ 201 ಬೇಕಿತ್ತು. ಕಡೆಯ ದಿನ ಬೆಳಿಗ್ಗೆ 2 ವಿಕೆಟ್ಟಿಗೆ 122. ಸ್ಥಳೀಯ ಬೌಲರ್ ಕಮಿನ್ಸರನ್ನು ಆಯ್ಕೆ ಮಾಡಲಿಲ್ಲವೆಂದು ಜನ ಮುನಿಸಿಕೊಂಡು ಮೈದಾನಕ್ಕೇ ಬಂದಿರಲಿಲ್ಲ. ಆಂಬ್ರೋಸ್, ವಾಲ್ಷ್ ಇಬ್ಬರೇ ಕರಾರುವಾಕ್ಕಾಗಿ ಎಸೆದು, ಉಳಿದ ಎಂಟು ವಿಕೆಟ್ಟುಗಳನ್ನು 26 ರನ್ನಿಗೆ ಉರುಳಿಸಿದರು. ಖಾಲಿ ಮೈದಾನದಲ್ಲಿ ಹೆದರಿಸಿ ಮೆರೆಯುವುದು ಯಾರ ಮುಂದೆ?

ಈ ತಂಡದ ಮೊಳಕೆ ನಮ್ಮ ಬೆಂಗಳೂರಿನಲ್ಲೇ ಒಡೆಯಿತೆಂಬುದು ನಿಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? 1974ರ ನವೆಂಬರ್, ಈಗ ಚಿನ್ನಸ್ವಾಮಿಯವರ ಹೆಸರಿನಲ್ಲಿರುವ ಕ್ರೀಡಾಂಗಣದ ಮೊದಲ ಟೆಸ್ಟ್. ನಾಯಕರಾಗಿ ಲಾಯ್ಡರಿಗೆ ಮೊದಲ ಪಂದ್ಯ. ಗ್ರೀನಿಜ್, ರಿಚರ್ಡ್ಸ್ ಇಬ್ಬರಿಗೂ ಪಾದಾರ್ಪಣೆ. ಎರಡು ದಿನ ರಜೆ ಹಾಕಿ ಬಿಸಿಲಿನಲ್ಲಿ ಕುಳಿತಿದ್ದೆ. ನಮ್ಮ ಚಂದ್ರಶೇಖರ್ ರಿಚರ್ಡ್ಸರನ್ನು 4ಕ್ಕೆ, ಮತ್ತೆ 3ಕ್ಕೆ ಔಟ್ ಮಾಡಿದರು. ಪಕ್ಕದಲ್ಲಿದ್ದವರು ಈ ಹುಡುಗ ಮುಂದೆ ಬರಲಾರ ಎಂದರು, ನಾನೂ ತಲೆಯಾಡಿಸಿದೆ. ಲಾಯ್ಡ್ ಮಾತ್ರ 163 ಹೊಡೆದರು. ನಾವು 267 ರನ್ನುಗಳಿಂದ ಸೋತೆವು.

ಆ ಶಿಷ್ಯ ಮುಂದಿನ ತಿಂಗಳು ಮತ್ತೆ ಬರುತ್ತಾನಂತೆ. ಓವಲ್ ಪಂದ್ಯದ ಸ್ಕೋರ್‌ಕಾರ್ಡನ್ನು ಮುದ್ರಿಸಿ ಇಟ್ಟಿದ್ದೇನೆ. ಕೈಗೆ ಕೆಂಪು ಪೆನ್ಸಿಲ್ ಕೊಟ್ಟು, ಬೌಲ್ಡ್ ಆದವರಿಗೆಲ್ಲ ಗುರುತು ಹಾಕೆನ್ನುತ್ತೇನೆ.