ಎಂಐಎಸ್ ಪದವಿ: ಸಾಲಕ್ಕೆ ಸಹಿ ಹಾಕುವ ಮುನ್ನ

ಅಮೆರಿಕದಲ್ಲಿ ನೆಲೆಸಿರುವ ವೈದ್ಯನಾದ ನನಗೆ ಊರಿನಿಂದ ಬರುವ ದೂರವಾಣಿ ಕರೆಗಳಲ್ಲಿ ಈಗೀಗ ಕಾಯಿಲೆಯ ವಿಚಾರಕ್ಕಿಂತ ಮಕ್ಕಳ ಓದಿನ ವಿಚಾರವೇ ಹೆಚ್ಚು. ‘ಎಂಐಎಸ್‌ನಲ್ಲಿ ಕೋಡಿಂಗ್ ಕಡಿಮೆಯಂತೆ, ಸೀಟು ಸುಲಭವಂತೆ, ಕೆಲಸ ಖಚಿತವಂತೆ’ ಎಂದು ಪೋಷಕರು ಹೇಳುತ್ತಾರೆ. ಇಂಥ ‘ಅಂತೆ’ಗಳನ್ನು ನಂಬಿ ಮನೆಯನ್ನೋ ತೋಟವನ್ನೋ ಅಡವಿಡುವುದು ತರವಲ್ಲ.

ಮ್ಯಾನೇಜ್‌ಮೆಂಟ್ ಇನ್‌ಫರ್ಮೇಶನ್ ಸಿಸ್ಟಮ್ಸ್ ಎಂಬುದು ಕಂಪ್ಯೂಟರ್ ವಿಜ್ಞಾನದ ಸುಲಭ ಆವೃತ್ತಿಯಲ್ಲ. ಅರಿಜೋನಾ ವಿಶ್ವವಿದ್ಯಾಲಯ ಇದಕ್ಕೆ 1974ರಲ್ಲೇ ಪ್ರತ್ಯೇಕ ವಿಭಾಗ ತೆರೆಯಿತು. ಮಿನ್ನೆಸೋಟಾ ವಿಶ್ವವಿದ್ಯಾಲಯದಿಂದ 1977ರಲ್ಲಿ ‘ಎಂಐಎಸ್ ಕ್ವಾರ್ಟರ್ಲಿ’ ಪತ್ರಿಕೆ ಹೊರಟಿತು. ಸಂಸ್ಥೆಯೊಂದರಲ್ಲಿ ಮಾಹಿತಿ ಎಲ್ಲಿ ಹುಟ್ಟುತ್ತದೆ, ಯಾರ ಕೈಗೆ ಯಾವಾಗ ತಲುಪಬೇಕು, ತಲುಪದಿದ್ದರೆ ಏನು ಕೆಡುತ್ತದೆ ಎಂಬುದೇ ಇದರ ಅಧ್ಯಯನ. ಡೇಟಾಬೇಸ್, ವ್ಯವಸ್ಥಾ ವಿಶ್ಲೇಷಣೆ, ಯೋಜನಾ ನಿರ್ವಹಣೆ, ಮಾಹಿತಿ ಭದ್ರತೆ ಎಲ್ಲವೂ ಅದರೊಳಗೆ ಬರುತ್ತವೆ.

ಇದರ ಬೆಲೆ ನನಗೆ ತಿಳಿದದ್ದು ಆಸ್ಪತ್ರೆಯಲ್ಲಿ. 2009ರ ಹೈಟೆಕ್ ಕಾಯ್ದೆಯ ಪ್ರೋತ್ಸಾಹಧನದಿಂದಾಗಿ ಇಲ್ಲಿನ ಆಸ್ಪತ್ರೆಗಳು ಕಾಗದವನ್ನು ಬಿಟ್ಟು ವಿದ್ಯುನ್ಮಾನ ದಾಖಲೆಗಳಿಗೆ ವೇಗವಾಗಿ ಹೊರಳಿದವು. ಒಂದು ಔಷಧಿಯ ಆದೇಶ ವೈದ್ಯರಿಂದ ಔಷಧಾಲಯಕ್ಕೆ, ಅಲ್ಲಿಂದ ದಾದಿಯ ಕೈಗೆ, ಕೊನೆಗೆ ಬಿಲ್ಲಿಗೆ ಸಾಗುತ್ತದೆ. ಪ್ರತಿ ಹಂತದಲ್ಲೂ ಪರದೆ ಬೇರೆ. ಕ್ಷುಲ್ಲಕ ಸಂಗತಿಗೂ ಯಂತ್ರ ಎಚ್ಚರಿಕೆ ಕೊಡುತ್ತಿದ್ದರೆ ವೈದ್ಯರ ಬೆರಳು ಓದದೆಯೇ ಅದನ್ನು ಸರಿಸಲು ಕಲಿಯುತ್ತದೆ. ಮುಂದೊಂದು ದಿನ ಪ್ರಾಣಕ್ಕೆ ಸಂಬಂಧಿಸಿದ ಎಚ್ಚರಿಕೆಯೂ ಹಾಗೆಯೇ ಸರಿದುಹೋಗುತ್ತದೆ. ಇದನ್ನು ಪ್ರೋಗ್ರಾಮರ್ ಒಬ್ಬನೇ ಸರಿಪಡಿಸಲಾರ, ವ್ಯವಸ್ಥಾಪಕನೂ ಸರಿಪಡಿಸಲಾರ. ದಾದಿಯ ಪಕ್ಕದಲ್ಲಿ ಒಂದು ಪಾಳಿ ನಿಂತು, ಆಕೆ ಎಲ್ಲಿ ತಡವರಿಸುತ್ತಾಳೆಂದು ನೋಡಿ, ಕೆಲಸದ ಹಾದಿಯನ್ನೇ ಮರುರಚಿಸಬಲ್ಲವರು ಬೇಕು. ಯಾವ ಚೀಟಿ ಯಾವ ಕಡತಕ್ಕೆ ಹೋಗಬೇಕೆಂದು ನಿದ್ದೆಯಲ್ಲೂ ಹೇಳುತ್ತಿದ್ದ ಹಳೆಯ ಸಹಕಾರ ಸಂಘದ ಗುಮಾಸ್ತರು ಈ ವಿಷಯದಲ್ಲಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾಗುತ್ತಿದ್ದರೇನೋ!

ಆದ್ದರಿಂದಲೇ, ಪದವಿ ಮುಗಿದೊಡನೆ ವಿಮಾನ ಹತ್ತುವುದಕ್ಕಿಂತ ಎರಡು ವರ್ಷ ಎಲ್ಲಾದರೂ ದುಡಿದು ಬರುವುದು ಮೇಲೆಂದು ನನ್ನ ಅಭಿಪ್ರಾಯ. ಸಂಸ್ಥೆಯೊಂದರ ಒಳಗನ್ನು ಕಾಣದವರಿಗೆ ಈ ಪಾಠಗಳು ಬರಿಯ ವ್ಯಾಖ್ಯೆಗಳಾಗಿಯೇ ಉಳಿಯುತ್ತವೆ.

ಇನ್ನು ವೀಸಾದ ಮಾತು. ಎಫ್‌–1 ವಿದ್ಯಾರ್ಥಿಗೆ ಪದವಿಯ ನಂತರ 12 ತಿಂಗಳು ಕೆಲಸ ಮಾಡುವ ಒಪಿಟಿ ಅವಕಾಶವಿದೆ. ಪದವಿಯು ‘ಸ್ಟೆಮ್’ ಪಟ್ಟಿಯಲ್ಲಿದ್ದು, ಕೆಲಸ ಕೊಟ್ಟ ಸಂಸ್ಥೆ ಇ–ವೆರಿಫೈನಲ್ಲಿ ನೋಂದಾಯಿತವಾಗಿದ್ದರೆ ಇನ್ನೂ 24 ತಿಂಗಳು ವಿಸ್ತರಣೆ ಕೇಳಬಹುದು. ಇದನ್ನು ನಿರ್ಧರಿಸುವುದು ಪದವಿಯ ಹೆಸರಲ್ಲ, ವಿಶ್ವವಿದ್ಯಾಲಯವು ಅದಕ್ಕೆ ಕೊಟ್ಟಿರುವ ಸಿಐಪಿ ಸಂಕೇತ. ಎಂಐಎಸ್ ಎಂಬ ಒಂದೇ ಹೆಸರಿನ ಪದವಿ ಒಂದೆಡೆ ಮೂರು ವರ್ಷ ಕೊಟ್ಟರೆ, ಇನ್ನೊಂದೆಡೆ ಒಂದೇ ವರ್ಷ ಕೊಡಬಹುದು. ಆ ಒಂದು ವರ್ಷದಲ್ಲೂ ನಿರುದ್ಯೋಗದ ದಿನಗಳು ಒಟ್ಟು 90ನ್ನು ಮೀರುವಂತಿಲ್ಲ. ಎಚ್‌–1ಬಿ ವೀಸಾಗಳ ವಾರ್ಷಿಕ ಮಿತಿ 65,000. ಅಮೆರಿಕದ ಸ್ನಾತಕೋತ್ತರರಿಗೆ ಮೇಲೆ 20,000. ಆಯ್ಕೆಗೆ ಮೂರು ಸಲ ಹೆಸರು ಕೊಡುವುದಕ್ಕೂ ಒಂದೇ ಸಲ ಕೊಡುವುದಕ್ಕೂ ಇರುವ ಅಂತರವನ್ನು ವಿವರಿಸಬೇಕಿಲ್ಲ. ಸಂಕೇತ ಯಾವುದೆಂದು ಏಜೆಂಟರನ್ನು ಕೇಳಬೇಡಿ. ವಿಶ್ವವಿದ್ಯಾಲಯಕ್ಕೇ ಇಮೇಲ್ ಬರೆದು ಉತ್ತರ ಪಡೆಯಿರಿ. ವೀಸಾ ಪ್ರಾಯೋಜನೆ ಬೇಕಾಗಿದ್ದ ಹಳೆಯ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿಗೆ ಕೆಲಸ ದೊರಕಿತೆಂದೂ ಕೇಳಿ. ಉತ್ತರ ಅಸ್ಪಷ್ಟವಾಗಿದ್ದರೆ ಅದನ್ನೂ ಉತ್ತರವೆಂದೇ ತಿಳಿಯಿರಿ.

ಕಡೆಯದಾಗಿ, ಮಗ ಅಥವಾ ಮಗಳು ಓದು ಮುಗಿಸಿ ಮರಳಿ ಬಂದರೆ ಬೆಂಗಳೂರಿನ ಸಂಬಳದಲ್ಲಿ ಸಾಲದ ಕಂತು ತೀರಿಸಲು ಸಾಧ್ಯವೇ ಎಂಬ ಲೆಕ್ಕವನ್ನು ಬ್ಯಾಂಕಿಗೆ ಹೋಗುವ ಮೊದಲೇ ಮನೆಯವರೆಲ್ಲ ಕೂತು ಹಾಕಿಕೊಳ್ಳಿ. ಸಾಧ್ಯವಿಲ್ಲವೆಂದಾದರೆ ಶುಲ್ಕ ಕಡಿಮೆಯಿರುವ ರಾಜ್ಯ ವಿಶ್ವವಿದ್ಯಾಲಯಗಳನ್ನು ಹುಡುಕಿ. ಬೋಧನಾ ಸಹಾಯಕತ್ವ ಸಿಗುವುದೇ ಎಂದು ವಿಚಾರಿಸಿ. ಎರಡೂ ಕೂಡಿಬರದಿದ್ದರೆ ಈ ವರ್ಷದ ಅರ್ಜಿಯನ್ನು ಮುಂದಕ್ಕೆ ಹಾಕಿ.