ಹಸಿರು ಬದುಕು: ಮನೆಯ ಲೆಕ್ಕ, ಊರಿನ ಲೆಕ್ಕ

ಬೆಂಗಳೂರಿನ ಕಸದ ಲಾರಿಗಳು ಮಂಡೂರಿಗೆ ಹೋಗುವುದು ನಿಂತದ್ದು 2014ರ ಕೊನೆಗೆ, ಅದೂ ಆ ಊರಿನವರು ಬೀದಿಗಿಳಿದ ಮೇಲೆ. ವರ್ಷಗಟ್ಟಲೆ ಸುರಿದ ಕಸದ ರಸ ನೆಲಕ್ಕಿಳಿದು ಅವರ ಅಂತರ್ಜಲ ಕೆಟ್ಟಿತ್ತು. ನೊಣ, ನಾತ ಮನೆಯೊಳಗೇ ಬಂದು ಕುಳಿತಿದ್ದವು. ಅದಕ್ಕೆ ಎರಡು ವರ್ಷ ಮೊದಲು ಮಾವಳ್ಳಿಪುರದ ಕಸದ ಗುಡ್ಡೆಯನ್ನೂ ಇಂಥದೇ ಕಾರಣಕ್ಕೆ ಮುಚ್ಚಬೇಕಾಯಿತು. ಆಮೇಲೆ ಲಾರಿಗಳು ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಯ ಕಲ್ಲುಕ್ವಾರಿಗಳತ್ತ ತಿರುಗಿದವು.

ಆ ಲಾರಿಗಳಲ್ಲಿ ಇದ್ದದ್ದು ಏನು? ಅರ್ಧಕ್ಕಿಂತ ಹೆಚ್ಚು ಪಾಲು ನಮ್ಮ ಅಡುಗೆಮನೆಯ ಹಸಿ ಕಸ: ತರಕಾರಿ ಸಿಪ್ಪೆ, ಮಿಕ್ಕ ಅನ್ನ, ಚಹಾದ ಚರಟ, ಊಟ ಮಾಡಿ ಬಿಸಾಡಿದ ಬಾಳೆಎಲೆ. ಇವು ಪ್ಲಾಸ್ಟಿಕ್ ಚೀಲದೊಳಗೆ ಗಾಳಿಯಿಲ್ಲದೆ ಕೊಳೆತರೆ ಮೀಥೇನ್ ಹುಟ್ಟುತ್ತದೆ. ನೂರು ವರ್ಷದ ಲೆಕ್ಕ ಹಿಡಿದರೆ, ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಬಲಶಾಲಿ. ಅದೇ ಸಿಪ್ಪೆ ಗಾಳಿಯಾಡುವ ಮಣ್ಣಿನ ಮಡಕೆಯಲ್ಲಿ ಎರಡು ತಿಂಗಳು ಇದ್ದರೆ ಕಪ್ಪನೆಯ, ಮಳೆ ಬಿದ್ದ ನೆಲದಂತೆ ಘಮ್ಮೆನ್ನುವ ಗೊಬ್ಬರವಾಗುತ್ತದೆ. ನಮ್ಮ ಹಳ್ಳಿಗಳ ತಿಪ್ಪೆ ಮಾಡುತ್ತಿದ್ದದ್ದು ಇದೇ ಕೆಲಸ. ತಿಪ್ಪೆಯಿಂದ ಹೊಲಕ್ಕೆ ಗೊಬ್ಬರ ಸಾಗಿಸುವ ದಿನ ರೈತನ ಮನೆಯಲ್ಲಿ ಲೆಕ್ಕಕ್ಕೆ ಬರುವ ದಿನ. ನಗರಕ್ಕೆ ಬಂದ ನಾವು ತಿಪ್ಪೆ ಎಂಬ ಮಾತನ್ನೇ ಬೈಗುಳ ಮಾಡಿಕೊಂಡೆವು.

ಮನೆಯಲ್ಲಿ ಗೊಬ್ಬರ ಮಾಡಲು ಹಲವರು ಹಿಂಜರಿಯುವುದು ವಾಸನೆಗೆ ಹೆದರಿ. ವಾಸನೆ ಬರುವುದು ನೀರು ಹೆಚ್ಚಾಗಿ ಗಾಳಿ ಕಡಿಮೆಯಾದಾಗ. ಹಸಿ ಕಸ ಒಂದು ಪದರ ಹಾಕಿದರೆ ಅದರ ಮೇಲೆ ಒಣಗಿದ ಎಲೆಯೋ ತೆಂಗಿನ ನಾರಿನ ಪುಡಿಯೋ ಒಂದು ಪದರ ಬೀಳಬೇಕು. ಶುರುವಿನಲ್ಲಿ ಒಂದಿಷ್ಟು ಹುಳಿ ಮಜ್ಜಿಗೆ ಚಿಮುಕಿಸಿದರೆ ಕೊಳೆಯುವ ಕೆಲಸ ಚುರುಕಾಗುತ್ತದೆ. ವಾರಕ್ಕೊಮ್ಮೆ ಕೈಯಾಡಿಸಿದರೆ ಸಾಕು. ನಾಲ್ಕು ಜನರ ಮನೆಯಲ್ಲಿ ದಿನಕ್ಕೆ ಮುಕ್ಕಾಲು ಕಿಲೋ ಹಸಿ ಕಸವೆಂದು ಹಿಡಿದರೂ ವರ್ಷಕ್ಕೆ ಇನ್ನೂರೈವತ್ತು ಕಿಲೋಗೂ ಹೆಚ್ಚು ಲಾರಿ ಹತ್ತದೆ ಉಳಿಯುತ್ತದೆ. ಬಾಲ್ಕನಿಯ ಬಸಳೆ, ಕರಿಬೇವಿಗೆ ಗೊಬ್ಬರ ಕೊಳ್ಳುವ ಖರ್ಚೂ ಇಲ್ಲ.

ಹಸಿರು ಬದುಕನ್ನು ಈಚೆಗೆ ಅಂಗಡಿಯಿಂದ ತರುವ ಸಾಮಾನು ಎಂಬಂತೆ ನೋಡುತ್ತಿದ್ದೇವೆ. ನನಗೆ ಇದರಲ್ಲಿ ನಂಬಿಕೆಯಿಲ್ಲ. ಹಿಂದಿನ ಮನೆಗಳಲ್ಲಿ ಕಲಗಚ್ಚು ಹಸುವಿಗೆ ಹೋಗುತ್ತಿತ್ತು, ಬಚ್ಚಲ ನೀರು ಬಾಳೆಗಿಡದ ಬುಡಕ್ಕೆ ಹರಿಯುತ್ತಿತ್ತು, ಹಳೆ ಸೀರೆಗಳು ಕೌದಿಯಾಗುತ್ತಿದ್ದವು. ಪರಿಸರ ಎಂಬ ಮಾತು ಆ ಮನೆಗಳಲ್ಲಿ ಇರಲಿಲ್ಲ. ಹಿಡಿತದ ಸಂಸಾರ ಇತ್ತು. ಆ ಸಂಸಾರದ ದುಡಿಮೆಯೆಲ್ಲ ಹೆಂಗಸರ ಮೈಮೇಲಿತ್ತು ಎಂಬುದನ್ನೂ ಮರೆಯಬಾರದು. ಇಂದು ಕಸ ಬೇರ್ಪಡಿಸುವ, ಗೊಬ್ಬರ ಕೆದಕುವ ಕೆಲಸ ಮತ್ತೆ ಅವರ ಪಾಲಿಗೇ ಬಿದ್ದರೆ ಅದು ಬಹಳ ದಿನ ನಡೆಯುವುದಿಲ್ಲ, ನಡೆಯಲೂ ಬಾರದು.

ನೀರಿನ ಲೆಕ್ಕ ಇನ್ನೂ ಕಣ್ಣಿಗೆ ಹೊಡೆಯುವಂಥದ್ದು. ಕಾವೇರಿ ಬೆಂಗಳೂರಿಗೆ ಬರುವುದು ಸುಮಾರು 100 ಕಿ.ಮೀ. ದೂರದಿಂದ, ಸುಮಾರು 500 ಮೀಟರ್ ಮೇಲಕ್ಕೆ ಪಂಪ್ ಆಗಿ. ನಲ್ಲಿ ತಿರುಗಿಸಿದಾಗ ಬೀಳುವ ಪ್ರತಿ ಹನಿಯಲ್ಲೂ ವಿದ್ಯುತ್ ಇದೆ. ಇದೇ ನಗರದಲ್ಲಿ ವರ್ಷಕ್ಕೆ ಸರಾಸರಿ 970 ಮಿ.ಮೀ. ಮಳೆ ಬೀಳುತ್ತದೆ. ಸಾವಿರ ಚದರಡಿಯ ಛಾವಣಿಯ ಮೇಲೆ ಬಿದ್ದ ಮಳೆಯಲ್ಲಿ ಸೋರಿಕೆ, ಆವಿ ಕಳೆದರೂ 70 ಸಾವಿರ ಲೀಟರ್ ಕೈಗೆ ಸಿಗುತ್ತದೆ. ತಲೆಗೆ ದಿನಕ್ಕೆ 135 ಲೀಟರ್‌ನಂತೆ ನಾಲ್ಕು ಜನರಿಗೆ ಇದು ನಾಲ್ಕು ತಿಂಗಳಿಗೂ ಮಿಕ್ಕುವ ನೀರು. ಎಲ್ಲವನ್ನೂ ತೊಟ್ಟಿಯಲ್ಲಿ ಹಿಡಿದಿಡಲಾಗದು ನಿಜ. ಹಿಡಿಯಲಾಗದ್ದು ಇಂಗುಗುಂಡಿಗೆ ಇಳಿಯಲಿ. ವಿಜಯನಗರದಲ್ಲಿ ವಿಜ್ಞಾನಿ ಎ.ಆರ್. ಶಿವಕುಮಾರ್ 1995ರಲ್ಲಿ ಕಟ್ಟಿದ ಮನೆ ಜಲಮಂಡಳಿಯ ಸಂಪರ್ಕವಿಲ್ಲದೆ ಮಳೆನೀರನ್ನೇ ನೆಚ್ಚಿ ನಡೆದದ್ದು ನಾಡಿಗೆಲ್ಲ ಗೊತ್ತಿರುವ ಸಂಗತಿ.

ಕಾನೂನಿಗೆ ಕೊರತೆಯಿಲ್ಲ. 40x60 ಅಡಿ ಮತ್ತು ಅದಕ್ಕಿಂತ ದೊಡ್ಡ ನಿವೇಶನದ ಹಳೆಯ ಮನೆಗಳಿಗೆ, 30x40ರ ಹೊಸ ಮನೆಗಳಿಗೆ ಮಳೆನೀರು ಸಂಗ್ರಹವನ್ನು ಜಲಮಂಡಳಿ ಕಾಯ್ದೆಯ 2009ರ ತಿದ್ದುಪಡಿ ಕಡ್ಡಾಯ ಮಾಡಿತು. ಆದರೆ ಎಷ್ಟೋ ಮನೆಗಳವರು ಬಿಲ್ಲಿನ ಜೊತೆ ದಂಡ ಕಟ್ಟಿ ಸುಮ್ಮನಾದರು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿದಾಗ ಟ್ಯಾಂಕರ್ ದರಕ್ಕೆ ಆಡಳಿತವೇ ಮಿತಿ ಹಾಕಬೇಕಾಯಿತು. ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆದೇಶ ಹೊರಡಿಸಿತು. ಆ ವರ್ಷದ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಬಂತು. ಅದರ ಬೆನ್ನಲ್ಲೇ ಛಾವಣಿಯ ಮಾತು ಮತ್ತೆ ಹಿಂದೆ ಸರಿಯಿತು.

ವಿದ್ಯುತ್ತಿನದೂ ಹೀಗೇ. ಹಳೆಯ ಫ್ಯಾನು 75 ವ್ಯಾಟ್ ತಿಂದರೆ ಈಗಿನ ಬಿಎಲ್‌ಡಿಸಿ ಫ್ಯಾನಿಗೆ ಸುಮಾರು 30 ವ್ಯಾಟ್ ಸಾಕು. ರಾಯಚೂರು, ಕಲಬುರಗಿಯಂಥ ಬಿಸಿಲೂರಿನಲ್ಲಿ ದಿನಕ್ಕೆ 12 ಗಂಟೆ ತಿರುಗಿದರೆ ಒಂದು ಫ್ಯಾನಿನಿಂದ ವರ್ಷಕ್ಕೆ ಹೆಚ್ಚುಕಡಿಮೆ 195 ಯೂನಿಟ್ ಉಳಿತಾಯ. ಆದರೆ ಸರ್ಕಾರದ ಉಚಿತ ವಿದ್ಯುತ್ ಯೋಜನೆಯಾದ ಗೃಹಜ್ಯೋತಿಯಲ್ಲಿ ಶೂನ್ಯ ಬಿಲ್ ಪಡೆಯುವ ಮನೆಗೆ ಈ ಉಳಿತಾಯದಿಂದ ಒಂದು ರೂಪಾಯಿಯೂ ಸಿಗುವುದಿಲ್ಲ. ಬಡ ಮನೆಗೆ ಉಚಿತ ಬೆಳಕು ಬೇಕು, ಅದರಲ್ಲಿ ಎರಡು ಮಾತಿಲ್ಲ. ಉಳಿಸಿದ ಯೂನಿಟ್ಟಿಗೂ ಒಂದಿಷ್ಟು ಬೆಲೆ ಸಿಗುವಂತೆ ಯೋಜನೆಯನ್ನು ತಿದ್ದಬಹುದು.

ಕಸದ ಶುಲ್ಕದಲ್ಲೂ ಇದೇ ಕೊರತೆ. ಬೆಂಗಳೂರಿನಲ್ಲಿ 2025ರ ಏಪ್ರಿಲ್‌ನಿಂದ ಆಸ್ತಿ ತೆರಿಗೆಯ ಜೊತೆ ಕಸ ನಿರ್ವಹಣಾ ಶುಲ್ಕ ವಸೂಲಾಗುತ್ತಿದೆ. ಮನೆಗಳ ಮಟ್ಟಿಗೆ ಅದರ ಅಳತೆಗೋಲು ಕಟ್ಟಡದ ವಿಸ್ತೀರ್ಣ. ಮನೆಯಿಂದ ಎಷ್ಟು ಕಸ ಹೊರಬಿತ್ತು ಎಂಬುದಕ್ಕೆ ಅಲ್ಲಿ ಜಾಗವಿಲ್ಲ. ದಂಡಕ್ಕೆ ಹೆದರಿ ಒಂದು ಬೀದಿ ಬದಲಾಗಬಹುದು, ಇಡೀ ಊರು ಬದಲಾಗಲು ಮನೆಯವರಿಗೆ ಲಾಭ ಕಾಣಬೇಕು.

ಹಾಗಾಗಿ ಆಳುವವರಲ್ಲಿ ಒಂದೇ ಕೋರಿಕೆ: ಹಸಿ ಕಸವನ್ನು ಮನೆಯಲ್ಲೇ ಗೊಬ್ಬರ ಮಾಡುವವರಿಗೆ ಮುಂದಿನ ವರ್ಷದ ತೆರಿಗೆ ರಸೀದಿಯಲ್ಲಿ ರಿಯಾಯಿತಿಯ ಒಂದು ಸಾಲು ಇರಲಿ. ಓದುಗರೇ, ಆ ಸಾಲು ಬರಲಿ ಎಂದು ಕಾಯಬೇಡಿ. ಇವತ್ತಿನ ತರಕಾರಿ ಸಿಪ್ಪೆಯನ್ನು ಮಡಕೆಗೆ ಹಾಕಿ. ಮಳೆಗಾಲಕ್ಕೆ ಮೊದಲು ಛಾವಣಿ ಗುಡಿಸಿ, ಕೊಳವೆಯನ್ನು ತೊಟ್ಟಿಗೆ ತಿರುಗಿಸಿ.