ಮೃಗಶಿರೆಗೆ ಮುನ್ನ ಮಾಡಿನ ಕಾಳಜಿ

ವರ್ಷಕ್ಕೆ 7000 ಮಿ.ಮೀ.ಗೂ ಮಿಗಿಲಾಗಿ ಮಳೆ ಬೀಳುವ ಆಗುಂಬೆಯಂತಹ ಘಟ್ಟದ ಊರುಗಳಲ್ಲಿ ಮನೆಯ ಮಾಡು ಮಳೆಯ ಜೊತೆಗೆ ಪಡುವಣ ಗಾಳಿಯನ್ನೂ ತಾಳಬೇಕು. ಗಾಳಿ ಓರೆಯಾಗಿ ತಳ್ಳಿದ ನೀರು ನೆತ್ತಿಯ ಹಂಚಿನ ಬಿರುಕು, ಎರಡು ಮಾಡುಗಳು ಕೂಡುವ ತಗ್ಗು, ಸೂರಿನ ಅಂಚುಗಳಲ್ಲಿ ಒಳನುಗ್ಗುತ್ತದೆ.

ಸೋರಿಕೆಗೆ ಹೆದರಿ ಹಲವರು ಹಂಚಿನ ಮೇಲೆ ಪ್ಲಾಸ್ಟಿಕ್ ಹೊದಿಸುತ್ತಾರೆ. ಅದರಡಿ ತೇವ ಉಳಿದರೆ ರೀಪು, ಪಕಾಸುಗಳು ಕಾಣದಂತೆ ಕೊಳೆಯುತ್ತವೆ. ಗಾಳಿಗೆ ಹರಿದ ಚೂರುಗಳು ಹಳ್ಳ ಸೇರುತ್ತವೆ. ಮಂಗಳೂರು ಹಂಚಿನ ಹಿರಿಮೆಯೇ ಬೇರೆ: ಒಡೆದ ಒಂದನ್ನಷ್ಟೇ ತೆಗೆದು ಇನ್ನೊಂದನ್ನು ಕೂರಿಸಬಹುದು.

ಮೃಗಶಿರಾ ಮಳೆ ಹುಟ್ಟುವುದು ಜೂನ್ 7ರ ಸುಮಾರಿಗೆ. ಹಂಚು ಒಣಗಿರುವ ಮೇ ತಿಂಗಳಲ್ಲಿಯೇ ತರಗೆಲೆ, ಪಾಚಿಗಳನ್ನು ತೆಗೆಯಬೇಕು. ಮಂಗಗಳು ಒಡೆದ ಹಂಚುಗಳನ್ನೂ ಗೆದ್ದಲು ಹಿಡಿದ ರೀಪುಗಳನ್ನೂ ಬದಲಿಸಬೇಕು. ಗಾಳಿ ಬಡಿಯುವ ಅಂಚಿನ ಹಂಚುಗಳನ್ನು ತಂತಿಯಿಂದ ಬಿಗಿಯಬೇಕು. ಮಾಡಿನ ಮೇಲೆ ಚಾಚಿದ ಕೊಂಬೆಯನ್ನಷ್ಟೇ ಸವರಿದರೆ ಸಾಕು, ಮರವನ್ನೇ ಉರುಳಿಸಬೇಕಾಗಿಲ್ಲ.

ಹಿಂದೆ ಸೋಗೆ ಹೊದಿಸಲು ಮುಯ್ಯಾಳುಗಳು ನೆರೆಯುತ್ತಿದ್ದರು. ಹಂಚಿನ ಕೆಲಸಕ್ಕೂ ಆ ಪದ್ಧತಿ ಒದಗಬಲ್ಲದು. ರಜೆಯಲ್ಲಿರುವ ವಿದ್ಯಾರ್ಥಿಗಳು ಬಲ್ಲವರೊಡನೆ ನಿಂತು ಈ ಕುಶಲತೆಯನ್ನು ಕಲಿಯಲಿ. ಏಣಿ ಏರಲಾಗದ ವೃದ್ಧರ ಮನೆಯಿಂದಲೇ ಕೆಲಸ ಆರಂಭವಾಗಲಿ.